ಅಲಸಂದಿಯ ರಸಮೇವು

ಎರಡು ಸಲ ಸೋಪು ಹಚ್ಚಿ ತೊಳೆದರೂ ಬೆರಳ ಸಂದಿಯ ಹುಳಿ ಹೋಗಿಲ್ಲ, ವಿದ್ಯಾವತಿ ಮತ್ತೆ ಮೂಸಿ ನೋಡುತ್ತಾಳೆ, ಹಳೇ ಮಜ್ಜಿಗೆಯ ವಾಸನೆ, ಕೆಟ್ಟದ್ದಲ್ಲ, ಖಂಡಿತ ಅಲ್ಲ — ಆದರೆ ಆಕಳು ಕಪಿಲಿ ತಿಂದದ್ದು ಇದನ್ನಲ್ಲವಲ್ಲ, ರಸಮೇವಿನ ಚೀಲದ ಬಾಯಲ್ಲಿ ಬಿಳಿ ಬೂಷ್ಟು ಹಿಡಿದು ಕಪ್ಪಗೆ ಲೋಳೆಗಟ್ಟಿದ್ದನ್ನು, ತಾನೇ ಬಾಚಿ ತಿಪ್ಪೆಗೆ ಎಸೆದದ್ದನ್ನು. ಮಣ್ಣು ಮುಚ್ಚಬೇಕಿತ್ತು, ಅಷ್ಟರಲ್ಲಿ ದನದ ಡಾಕ್ಟರ ಫೋನು, ಬೂಷ್ಟ ಬಂದದ್ದು ತಗದು ಒಗೀರಿ ಅಕ್ಕಾರ, ತೆಳಗಿಂದು ಹಳದಿ-ಹಸರು ಇದ್ರ ಚಲೋ ಐತಿ ಅಂತ ತಿಳೀರಿ, ಅವರು ಹೇಳುತ್ತಿದ್ದಂತೆಯೇ ಹಿತ್ತಲಲ್ಲಿ ಅತ್ತೆ ಸತ್ತೆವ್ವನ ಕೂಗು. ನೀರು ಕುಡಿಸಲೆಂದು ಸತ್ತೆವ್ವ ಹಗ್ಗ ಬಿಚ್ಚಿದ್ದಳು, ಆಕಳು ನೀರಿನ ಬಾನಿಗೆ ಹೋಗದೆ ನೇರ ತಿಪ್ಪೆಗೆ ಮೂತಿ ಇಟ್ಟಿತ್ತು. ಎಷ್ಟು ತಿಂತು? ಎರಡು ತುತ್ತೋ, ಬುಟ್ಟಿಯಷ್ಟೋ — ತುಂಬಿದ ಗಬ್ಬ, ಬೂಷ್ಟು ತಿಂದ ದನ ಕಂದು ಹಾಕುವುದುಂಟು, ದಿನ ತುಂಬುವ ಮೊದಲೇ ಕರು ಬಿದ್ದುಹೋಗುತ್ತದೆ ಎಂದು ಸಾಂಬ್ರಾಣಿ ಊರಿನ ಮೇವಿನ ತರಬೇತಿಯಲ್ಲಿ ಕೇಳಿದ್ದಳು, ಕೇಳಿಯೂ ಚೀಲ ತುಂಬಿದ್ದಳು. ಯಾಕೆ ತುಂಬಿದೆ? ಹೋದ ಸಲದ ಗಬ್ಬದಲ್ಲಿ ಕಪಿಲಿ ಬರೀ ಭತ್ತದ ಹುಲ್ಲು ತಿಂದು ಬೆನ್ನೆಲುಬು ಎದ್ದಿತ್ತು, ಹಾಲು ಕರುವಿಗೇ ಸಾಲಲಿಲ್ಲ, ಅಲಸಂದಿಯಲ್ಲಿ ಕಸುವಿದೆ, ಒಣಗಿಸಿದರೆ ಎಲೆಯೆಲ್ಲ ಉದುರಿ ಕಡ್ಡಿ ಉಳಿಯುತ್ತದೆ, ಗಾಳಿಯಾಡದಂತೆ ತುಳಿದು ಹುಳಿ ಬರಿಸಿದರೆ ಎಲೆಯ ಸಾರ ಎಲೆಯಲ್ಲೇ. ಅರ್ಧ ದಿನ ಬಾಡಿಸಬೇಕಿತ್ತು — ಮೋಡ ಕವಿದಿತ್ತು, ಗಂಡ ಸಾತಪ್ಪ ಮಿಲ್ಲಿನ ಪಾಳಿಗೆ ದಾಂಡೇಲಿ ಬಸ್ಸು ಹಿಡಿಯುವ ಅವಸರದಲ್ಲಿ, ಸಾಕ ಬಿಡ, ತುಂಬೂಣು, ಮಳಿ ಬಂತು. ಅಲಸಂದಿಗೆ ಗೋವಿನಜೋಳದಷ್ಟು ಸಿಹಿ ಇಲ್ಲವೆಂದು ಬೆಲ್ಲದ ನೀರು ಚಿಮುಕಿಸಿದ್ದಳು, ಬರಿಗಾಲಲ್ಲಿ ತುಳಿದಿದ್ದಳು, ಚೀಲದ ಬಾಯಿಯ ಹತ್ತಿರ ಸಡಿಲ ಉಳಿಯಿತೇ, ಗಂಟು ಕಟ್ಟಿದ್ದು ಅವನೋ ತಾನೋ? ಕೊಳಿಸಿದ್ದನ್ನ ಗಬ್ಬದ ದನಕ್ಕ ಹಾಕ್ತಿಯೇನ ಎಂದು ಆಗ ಕೂಗಾಡಿದ್ದ ಸತ್ತೆವ್ವ ಈಗ ಕಪಿಲಿಯ ಹೊಟ್ಟೆಯ ಎಡಬರಿಯ ಮೇಲೆ ಅಂಗೈ ಊರಿ ನಿಂತಿದ್ದಾಳೆ, ಬೈದಿದ್ದರೆ ಹಗುರಾಗುತ್ತಿತ್ತು, ನಾ ಬಿಚ್ಚಬಾರದಿತ್ತ ನೋಡವಾ, ಅಷ್ಟೇ, ಗೋಡೆಗೆ ಹೇಳಿದ ಹಾಗೆ. ನೀವಲ್ರಿ ಅತ್ತಿ, ನಾ ಮುಚ್ಚಬೇಕಿತ್ತು — ಇದನ್ನು ಬಾಯಿಬಿಟ್ಟು ಹೇಳಿದಳೋ, ಮನಸ್ಸಿನಲ್ಲೇ ಅಂದುಕೊಂಡಳೋ. ಡಾಕ್ಟರು ಹಳಿಯಾಳ ಬಿಟ್ಟು ಇತ್ತ ಹೊರಟಿದ್ದಾರೆ, ಅಲ್ಲೀತನಕ ಹೊಟ್ಟಿ ಉಬ್ಬತೈತೇನ ನೋಡ್ರಿ, ಮೆಲಕು ಹಾಕ್ತೈತೇನ ನೋಡ್ರಿ, ನೋಡುತ್ತಲೇ ಇದ್ದಾಳೆ, ಕಿವಿ ಜೋತಿದೆ, ದವಡೆ ಕಲ್ಲಿನಂತೆ ನಿಂತಿದೆ, ಕಣ್ಣಂಚಿನ ನೊಣವನ್ನೂ ಒದರಿಕೊಳ್ಳುತ್ತಿಲ್ಲ, ಒಳಗಿನ ಕರು ಮಿಸುಕಿತೇ, ಅತ್ತೆಯ ಕೈ ಮಿಸುಕಿತೇ, ರಸ್ತೆಯಲ್ಲಿ ಬೈಕು, ಅಲ್ಲ, ದಾಟಿ ಹೋಯಿತು, ಚೀಲದ ತಳದ ಮೇವು ಚೆನ್ನಾಗಿದ್ದರೂ ಇನ್ನು ಯಾರಿಗೆ ಹಾಕುವುದು, ಯಾವ ಧೈರ್ಯದಿಂದ — ಅತ್ತಿ, ಕೈ ತಗೀಬ್ಯಾಡ್ರಿ, ಸುಮ್ನ ನಿಲ್ರಿ, ಕುತ್ತಿಗಿ ನೋಡ್ರಿ — ಗಂಟಲ ಬುಡದಿಂದ ಒಂದು ಉಂಡೆ ಚರ್ಮದಡಿ ಎದ್ದು ಕತ್ತಿನುದ್ದ ಮೇಲೇರುತ್ತದೆ, ದವಡೆ ಅಡ್ಡಡ್ಡ ಹೊರಳುತ್ತದೆ, ಉಂಡೆ ಇಳಿಯುತ್ತದೆ, ಮೆಲಕು ಹಾಕಾಕತ್ತೈತ್ರಿ ಅತ್ತಿ, ಮತ್ತೆ ಏರುತ್ತದೆ, ಇಳಿಯುತ್ತದೆ, ಮತ್ತೆ…