ಹಳದಿ ಮಗ್ಗು

ಮಗಳು ಸಿಯಾ ಒದ್ದೆ ಮಾಡಿದ ಚಾದರವನ್ನು ವಾಷಿಂಗ್ ಮೆಷಿನ್ನಿಗೆ ತುರುಕುತ್ತಿರುವಾಗಲೇ ಫೋನ್ ಬಂತು. ಮೈತ್ರೇಯಿ ಸೋಪು ಹಾಕಿ ಮೆಷಿನ್ ಒತ್ತಿ, ಕೈ ಒರೆಸಿಕೊಂಡು ಎತ್ತಿಕೊಂಡಳು. ಮಕ್ಕಳ ಮೂತ್ರರೋಗದ ಡಾಕ್ಟರ ಕ್ಲಿನಿಕ್ಕಿನ ನರ್ಸು. ಶುಕ್ರವಾರ ಆಪರೇಷನ್. ಆರು ವರ್ಷದ ಮಗುವಿನ ಮೂತ್ರ ಮೂತ್ರಕೋಶದಿಂದ ಹಿಂದಕ್ಕೆ, ಕಿಡ್ನಿಯ ಕಡೆಗೆ ಏರುತ್ತಿತ್ತು. ಚಳಿಗಾಲವೆಲ್ಲ ಸೋಂಕು, ಜ್ವರ, ಗುಲಾಬಿ ಬಣ್ಣದ ಔಷಧಿಯಲ್ಲೇ ಕಳೆದಿತ್ತು.

ಶಾಲೆಯಲ್ಲಿ ಮಗು ಎಷ್ಟು ಸಲ ಮೂತ್ರಕ್ಕೆ ಹೋಗುತ್ತಾಳೆ ಎಂದು ನರ್ಸು ಕೇಳಿದಳು. ಸರಿಯಾಗಿಯೇ ಹೋಗುತ್ತಾಳೆ ಎಂದು ಮೈತ್ರೇಯಿ ಎಂದಿನ ಉತ್ತರವನ್ನೇ ಕೊಟ್ಟಳು. ಈ ಸಲ ಮಗುವನ್ನೇ ಕೇಳಿ, ಕಾಯುತ್ತೇನೆ ಎಂದಳು ನರ್ಸು.

"ಏನಂತೆ?" ಗಂಡ ಶ್ರೀಕಾಂತ್ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. ಪ್ಲಿಮತ್‌ನ ಕಾರಿನ ಬಿಡಿಭಾಗಗಳ ಕಂಪನಿ ಅವನ ವಿಭಾಗವನ್ನೇ ಮುಚ್ಚಿತ್ತು. ಕೆಲಸದ ಜೊತೆಗೆ ಬಂದಿದ್ದ ಇನ್ಶೂರೆನ್ಸ್ ಈ ತಿಂಗಳ ಕೊನೆಯವರೆಗೆ ಮಾತ್ರ.

"ಸ್ಕೂಲಲ್ಲಿ ಎಷ್ಟ್ ಸಲ ಹೋಗ್ತಾಳೆ ಅಂತ."

"ಈಗ ಕೇಳ್ತಾರಾ ಅದನ್ನ? ಏನಾದ್ರೂ ಹೇಳಿ ಡೇಟ್ ಮುಂದೆ ಹೋಯ್ತು ಅಂದ್ರೆ ಕಷ್ಟ, ಮೈತ್ರಿ. ಆಮೇಲೆ ನನ್ನ ರೆಸ್ಯೂಮೆ ತೋರಿಸಿ ಆಪರೇಷನ್ ಮಾಡಿಸ್ಬೇಕಷ್ಟೆ."

ಸಿಯಾ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದಳು.

"ಪುಟ್ಟಿ, ಸ್ಕೂಲಲ್ಲಿ ಸೂಸೂಗೆ ಹೋಗ್ತೀಯ ತಾನೆ?"

"ನೋ."

"ಟೀಚರ್ ಬಿಡಲ್ವಾ?"

"ಶಿ ಲೆಟ್ಸ್ ಮಿ. ಐ ಹೋಲ್ಡ್ ಇಟ್. ಅಲ್ಲಿ ಮಗ್ ಇಲ್ಲ, ಓನ್ಲಿ ಪೇಪರ್."

ಮೈತ್ರೇಯಿ ಬಾತ್‌ರೂಮಿನ ತೆರೆದ ಬಾಗಿಲ ಕಡೆ ನೋಡಿದಳು. ಕಮೋಡಿನ ಪಕ್ಕದಲ್ಲಿ ಹಳದಿ ಮಗ್ಗು ಎಂದಿನಂತೆ ನೀರು ತುಂಬಿಕೊಂಡಿತ್ತು. ಡೈಪರ್ ಬಿಡಿಸಿದ ದಿನಗಳಲ್ಲಿ, ಅಪ್ಪಿಕೊಳ್ಳಲು ಓಡಿಬಂದ ಮಗುವನ್ನು, ತೊಳೆದುಕೊಳ್ಳದೆ ನನ್ನ ಹತ್ತಿರ ಬರಬೇಡ ಎಂದು ಎಷ್ಟು ಸಲ ತಿರುಗಿ ಕಳಿಸಿದ್ದಳೋ. ಈಗಲೂ ಸಿಯಾ ಶಾಲೆಯಿಂದ ಬಂದವಳೇ ಬ್ಯಾಗನ್ನು ಬಾಗಿಲಲ್ಲೇ ಎಸೆದು ಬಾತ್‌ರೂಮಿಗೆ ಓಡುವಳು. ಅದನ್ನು ನೋಡಿ ಮೈತ್ರೇಯಿ ದಿನವೂ ನಗುತ್ತಿದ್ದಳು.

ಫೋನಿನ ಮೇಲೆ ಕೈಮುಚ್ಚಿ ಗಂಡನ ಕಡೆ ನೋಡಿದಳು. ಅವನು ಲ್ಯಾಪ್‌ಟಾಪ್ ಮುಚ್ಚಿದ.

"ಹೇಳ್ಬಿಡು," ಎಂದ. "ಇದ್ದಿದ್ದು ಇದ್ದ ಹಾಗೇ ಹೇಳು."

ಹೇಳಿದಳು. ನರ್ಸು, ತಡೆದುಕೊಳ್ಳುವುದರಿಂದಲೂ ಮೂತ್ರ ಹೀಗೆ ಹಿಂದಕ್ಕೆ ಏರಬಹುದು, ಹಾಗಾದರೆ ಡಾಕ್ಟರು ಶುಕ್ರವಾರದ ಆಪರೇಷನ್ ಬೇಡವೆನ್ನಬಹುದು, ಮೊದಲು ಈ ಅಭ್ಯಾಸ ಬಿಡಿಸಿ ನೋಡುತ್ತಾರೆ, ಕೆಲವು ತಿಂಗಳಾದರೂ ಬೇಕು ಎಂದಳು. ಡಾಕ್ಟರು ಮಧ್ಯಾಹ್ನ ಫೋನ್ ಮಾಡುತ್ತಾರಂತೆ. ಮೈತ್ರೇಯಿ ಇನ್ಶೂರೆನ್ಸಿನ ಮಾತೆತ್ತಲಿಲ್ಲ.

ಮೆಟ್ಟಿಲ ಕೆಳಗೆ ಕೂತು ಮಗಳ ಲೇಸು ಕಟ್ಟತೊಡಗಿದಳು. ಬೆರಳಿಗೆ ಇನ್ನೂ ಸೋಪಿನ ಜಿಡ್ಡಿತ್ತು, ಗಂಟು ಜಾರುತ್ತಿತ್ತು.

"ಇವತ್ತಿಂದ ಸ್ಕೂಲಲ್ಲೂ ಹೋಗ್ಬೇಕು, ಪುಟ್ಟಿ. ಪೇಪರ್ ಸಾಕು."

ಸಿಯಾ ಅಮ್ಮನ ಮುಖವನ್ನೇ ನೋಡಿದಳು. ಒಳಗೆ ಮೆಷಿನ್ನು ನೀರು ತುಂಬಿಕೊಳ್ಳುವುದನ್ನು ನಿಲ್ಲಿಸಿತು. ಆಗ ಮೆಲ್ಲಗೆ, ಕನ್ನಡದಲ್ಲೇ ಕೇಳಿದಳು:

"ಹಾಗೇ ನಿನ್ ಹತ್ರ ಬಂದ್ರೆ ವಾಪಸ್ ಕಳಿಸಲ್ವಾ, ಅಮ್ಮ?"