ಅಕ್ಕನ ಸ್ಪೀಡು

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮ ಅಕ್ಕ-ಭಾವನ ಜಗಳದಲ್ಲಿ ಬಡವಾದ ಕೂಸು ನಾನು. ವಯಸ್ಸು ನಲವತ್ತು ದಾಟಿದೆ, ಹೊಟ್ಟೆ ನನಗಿಂತ ಸ್ವಲ್ಪ ಮುಂದಿದೆ, ಕಸುಬು ಡ್ರಮ್ಸ್ ಬಾರಿಸುವುದು. ಒಂದೇ ಮೇಜಿನಲ್ಲಿ ಎದುರುಬದುರು ಕೂತ ಗಂಡನಿಗೆ ಅಕ್ಕ ನನ್ನ ಮೂಲಕ ಮಾತು ಕಳಿಸುತ್ತಿದ್ದಳು.

“ಲೋ, ಉಪ್ಪು ಈ ಕಡೆ ತಳ್ಳೋಕೆ ಹೇಳು ನಿನ್ನ ಭಾವಂಗೆ.”

“ಭಾವ, ಉಪ್ಪು.”

ಭಾವ ಉಪ್ಪು ತಳ್ಳುತ್ತಿದ್ದರು. ಅವರದು ಮೊದಲೇ ಮಾತು ಕಡಿಮೆ. ಅಪರಾಧಿಯಾದ ಮೇಲೆ ಇದ್ದದ್ದೂ ನಿಂತುಹೋಗಿತ್ತು. ಅಪರಾಧವಾದರೂ ಎಂಥದ್ದು! ಸ್ವಂತ ಹೆಂಡತಿಯ ದನಿಯನ್ನು ಒಂದು ಗುಂಡಿ ತಿರುಗಿಸಿ ಹದಿಹರೆಯದ ಹುಡುಗಿಯ ದನಿ ಮಾಡಿಬಿಟ್ಟಿದ್ದರು.

ಮೊದಲಿನಿಂದ ಹೇಳುತ್ತೇನೆ. ಲಾಂಡ್ರಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹುಡುಗಿಯೊಬ್ಬಳು ರಾಕ್ ಅಂಡ್ ರೋಲ್ ಹಾಡುಗಾರ್ತಿಯಾಗುವ ಸಿನಿಮಾ ಅದು. ಕಥೆ ಅಷ್ಟಕ್ಕಷ್ಟೇ, ಹಾಡುಗಳದ್ದೇ ಜೋರು. ಅವನ್ನು ನುಡಿಸಲು ನಿರ್ಮಾಪಕ ನಮ್ಮ ಬ್ಯಾಂಡನ್ನು ಹಿಡಿದ. ತೆರೆಯ ಮೇಲೆ ಬಾಯಿ ಆಡಿಸಲು ಇಪ್ಪತ್ತರ ಹುಡುಗಿ, ಹಿಂದೆ ಹಾಡಲು ಐವತ್ತೆರಡರ ನಮ್ಮಕ್ಕ.

ಅಕ್ಕ ಹಗಲು ಹೊಲಿಗೆ ಅಂಗಡಿ ನಡೆಸುತ್ತಾಳೆ, ಸಂಜೆ ಡ್ಯಾನ್ಸ್ ಹಾಲಿನಲ್ಲಿ ಹಾಡುತ್ತಾಳೆ. ಹೊಲಿಗೆ ಯಂತ್ರ ತುಳಿಯುತ್ತ ಹಾಡಿ ಹಾಡಿ ಅವಳಿಗೆ ತಾಳ ಕಾಲಿನಲ್ಲೇ ಇದೆ. ನಾನು ತಪ್ಪಿದರೂ ಅವಳು ತಪ್ಪುವುದಿಲ್ಲ, ನಾನಂತೂ ತಪ್ಪುವವನಲ್ಲ. ಅರ್ಧ ಆಯುಷ್ಯ ಹಾಡಿದ್ದಾಳೆ, ಆದರೆ ಅವಳ ದನಿ ಒಂದೇ ಒಂದು ರೆಕಾರ್ಡಿನಲ್ಲೂ ಬಂದಿರಲಿಲ್ಲ. “ಒಂದು ತಟ್ಟೆ ಬಂದುಬಿಟ್ರೆ ಸಾಕು ಕಣೋ, ಗೋಡೆಗೆ ತಗುಲಿಹಾಕಿ ಸುಮ್ನಿರ್ತೀನಿ” ಅನ್ನುತ್ತಿದ್ದಳು. ಸುಮ್ಮನಿರುವ ಹೆಂಗಸಲ್ಲ, ಆದರೆ ಆಸೆ ನಿಜವಾದದ್ದು.

ರೆಕಾರ್ಡಿಂಗ್ ಆದದ್ದು ನಮ್ಮ ಮನೆಯಲ್ಲೇ. ಮುಂದಿನ ಕೋಣೆಯಲ್ಲಿ ನನ್ನ ಡ್ರಮ್ಸ್ ಸುತ್ತ ಮನೆಯ ಹಾಸಿಗೆಗಳನ್ನೆಲ್ಲ ಗೋಡೆಯ ಹಾಗೆ ನಿಲ್ಲಿಸಿದ್ದರು. ಒಳಗೆ ಕೂತು ನಾನು ಬೆವರಿನಲ್ಲಿ ತೊಯ್ದುಹೋಗಿದ್ದೆ. ಟೇಪ್ ಯಂತ್ರದ ಮುಂದೆ ಭಾವ ಅಡುಗೆಮನೆಯಲ್ಲಿ. ಅಕ್ಕ ಮಾತ್ರ ಬಾಗಿಲಾಚೆ, ಕಟ್ಟಡದ ಮೆಟ್ಟಿಲ ಮೇಲೆ. ಅಲ್ಲಿ ಹಾಡಿದರೆ ದನಿ ಮೂರು ಮಹಡಿ ಸುತ್ತಿ ದುಂಡಗಾಗಿ ವಾಪಸ್ ಬರುತ್ತಿತ್ತು. ಮೇಲಿನ ಮನೆಯವರು ಪಾಪ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅವಳ ಪಕ್ಕದಲ್ಲೇ ಕಳ್ಳರ ಹಾಗೆ ಹತ್ತಿ ಇಳಿಯುತ್ತಿದ್ದರು.

ಮೂರನೆಯ ಹಾಡು ಕಡೇ ಬಸ್ಸಿನದು. ‘ಬಸ್ಸು ಹೋದರೆ ಹೋಗಲಿ ಬಿಡು, ನಡೆದೇ ಬರ್ತೀನಿ ನಾನು’ ಎಂಬ ಸಾಲಿನಲ್ಲಿ, ‘ನಡೆದೇ’ ಅನ್ನುವಾಗ ಅಕ್ಕನ ದನಿ ಒಡೆಯಿತು. ಭಾವ ಬಾಗಿಲಿಂದ ಇಣುಕಿ ಇನ್ನೊಮ್ಮೆ ಹಾಡುವೆಯಾ ಎಂಬಂತೆ ಬೆರಳೆತ್ತಿದರು.

“ಬೇಡ,” ಅಂದಳು ಅಕ್ಕ. “ಅದು ಹಂಗೇ ಇರ್ಲಿ. ಅಷ್ಟು ದೂರ ನಡೆದೋಳ ದನಿ ಹಂಗೇ ಇರುತ್ತೆ.”

ಎಡವಟ್ಟಾದದ್ದು ಶೂಟಿಂಗಿನಲ್ಲಿ. ಅಲ್ಲೂ ಹಾಡು ಹಾಕುವ ಕೆಲಸ ಭಾವನದೇ. ನಾಯಕಿಯ ಕುಣಿತಕ್ಕೆ ಹಾಡು ನಿಧಾನವಾಯಿತು, ಸ್ವಲ್ಪ ಚುರುಕು ಮಾಡಿ ಅಂದರಂತೆ. ಭಾವನ ಬಾಯಿಗೆ ‘ಇಲ್ಲ’ ಅನ್ನುವ ಮಾತು ಬರುವುದೇ ಇಲ್ಲ. ಅಕ್ಕನನ್ನು ಮದುವೆಯಾದದ್ದೂ ಹೀಗೇ ಇರಬೇಕೆಂದು ನನ್ನ ಅನುಮಾನ. ಯಂತ್ರದ ಸ್ಪೀಡಿನ ಗುಂಡಿ ತಿರುಗಿಸಿದರು. ಹಾಡು ಓಡಿತು, ಅದರ ಜೊತೆಗೆ ದನಿಯೂ ಮೇಲೆ ಹತ್ತಿ ಎಳೆಯದಾಯಿತು. ನಿರ್ಮಾಪಕ ಕುರ್ಚಿಯಿಂದ ಎದ್ದು ಕುಣಿದೇಬಿಟ್ಟನಂತೆ. ಎಲ್ಲ ಹಾಡಿಗೂ ಇದೇ ಇರಲಿ ಎಂದು, ಗುಂಡಿ ನಿಂತ ಜಾಗಕ್ಕೆ ಗಾಯಕ್ಕೆ ಅಂಟಿಸುವ ಪಟ್ಟಿ ಹಚ್ಚಿಸಿ ಗುರುತು ಮಾಡಿಸಿದ.

ನಮಗೆ ಗೊತ್ತಾದದ್ದು ಸಿನಿಮಾ ತೋರಿಸಿದಾಗ. ನನ್ನ ಡ್ರಮ್ಸ್ ಖಾಲಿ ಡಬ್ಬ ಬಡಿದ ಹಾಗೆ ಕೇಳಿಸಿತು. ಕಡೇ ಬಸ್ಸಿನ ಹಾಡಿನಲ್ಲಿ ಅಕ್ಕನ ದನಿ ಒಡೆದ ಜಾಗ ಥೇಟ್ ಬಿಕ್ಕಳಿಕೆ. ಕತ್ತಲಲ್ಲಿ ಯಾರೋ ಕಿಸಕ್ಕೆಂದರು. ಅಕ್ಕನೂ ನಕ್ಕಳು. ಆದರೆ ಹೊರಗೆ ಬಂದ ಮೇಲೆ ಬಸ್ ಸ್ಟಾಪಿನಲ್ಲಿ ನಿಂತು, “ಸಿನಿಮಾದಲ್ಲಿ ಆ ಹುಡುಗಿ ಬಾಯಿ ಇದೆ, ಅದಕ್ಕೆ ಒಪ್ಪೋ ದನಿ ಇರ್ಲಿ, ನಂದೇನೂ ತಕರಾರಿಲ್ಲ,” ಅಂದಳು. “ರೆಕಾರ್ಡಲ್ಲಿ ಬಾಯಿ ಎಲ್ಲಿದೆ? ಅಲ್ಲಿರೋದು ನಾನೊಬ್ಳೇ ಅಲ್ವೇನೋ?”

ಮರುದಿನವೇ ನಿರ್ಮಾಪಕನ ಹತ್ತಿರ ಹೋದೆವು.

“ನೋಡಮ್ಮ, ಜನ ಸಿನಿಮಾದಲ್ಲಿ ಕೇಳಿದ್ದೇ ರೆಕಾರ್ಡಲ್ಲೂ ಕೇಳ್ಬೇಕು. ಇಲ್ಲಾಂದ್ರೆ ಮೋಸ ಅಂತಾರೆ,” ಅಂದ.

“ಈಗ ಆಗಿರೋದೇ ಮೋಸ ಕಣ್ರೀ.”

ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕಾಲು ತುಳಿದಳು. ಮನೆಗೆ ಬಂದು ಗಂಡನನ್ನು ಕೇಳಿದಳು: “ನನ್ನ ದನಿ ಹಂಗೆ ಮಾಡುವಾಗ ನಿಮಗೆ ಏನೂ ಅನ್ನಿಸ್ಲಿಲ್ವಾ?”

“ಎಲ್ರೂ ಖುಷಿಯಾಗಿದ್ರು,” ಅಂದರು ಭಾವ.

ಅಷ್ಟೇ. ಅಂದಿನಿಂದ ಉಪ್ಪಿಗೂ ನಾನೇ ಬೇಕಾಯಿತು.

ರೆಕಾರ್ಡು ಬಿಡುಗಡೆಗೆ ಮುಂಚೆ ನಿರ್ಮಾಪಕ ಒಂದು ಮಧ್ಯಾಹ್ನ ರೆಕಾರ್ಡ್ ಅಂಗಡಿಗಳವರನ್ನೆಲ್ಲ ಒಂದು ಸಭಾಂಗಣಕ್ಕೆ ಕರೆದ. ಚಹಾ ಬಿಸ್ಕತ್ತು ಕೊಡುವುದು, ಹಾಡು ಕೇಳಿಸುವುದು, ಅವರು ಆರ್ಡರ್ ಕೊಟ್ಟ ಮೇಲೆ ಕಾರ್ಖಾನೆಗೆ ಟೇಪು ಕಳಿಸುವುದು. ವೇದಿಕೆಯ ಮೇಲೆ ನಾಯಕಿ ಕುಣಿಯಬೇಕು, ಪಕ್ಕದಲ್ಲಿ ಟೇಪ್ ಯಂತ್ರದ ಜೊತೆ ಭಾವ. ಅಕ್ಕ ಬರುವುದಿಲ್ಲವೆಂದು ಹಟ ಮಾಡಿ, ಕೊನೆಗೆ ಬಂದು, ಬಾಗಿಲ ಬಳಿ ಕೈಚೀಲ ಎದೆಗವಚಿಕೊಂಡು ನಿಂತಳು. ಇವತ್ತು ಕೇಳಿಸಿದ ಸ್ಪೀಡಿನಲ್ಲೇ ರೆಕಾರ್ಡು ಬರುತ್ತದೆ ಎಂದು ಅವಳಿಗೂ ಗೊತ್ತಿತ್ತು.

ಮೊದಲ ಎರಡು ಹಾಡು ಓಡಿಹೋದವು. ಅಂಗಡಿಯವರು ಮರ್ಯಾದೆಗೆ ತಲೆ ಆಡಿಸುತ್ತ ಬಿಸ್ಕತ್ತು ಅದ್ದಿಕೊಂಡು ತಿಂದರು. ಮೂರನೆಯದಕ್ಕೆ ಮುಂಚೆ ಭಾವ ಒಮ್ಮೆ ಬಾಗಿಲ ಕಡೆ ನೋಡಿದರು. ಅಕ್ಕ ನೆಲ ನೋಡುತ್ತಿದ್ದಳು. ಭಾವ ಉಗುರಿನಿಂದ ಗುರುತಿನ ಪಟ್ಟಿ ಕಿತ್ತು ಜೇಬಿಗೆ ಹಾಕಿಕೊಂಡರು. ಗುಂಡಿಯನ್ನು ಮೊದಲಿದ್ದ ನಡುವಿನ ಜಾಗಕ್ಕೆ ತಂದರು.

ನನ್ನ ಡ್ರಮ್ಸ್ ಡ್ರಮ್ಸಿನ ಹಾಗೆ ಕೇಳಿಸಿತು, ಸಮಾಧಾನ. ಆಮೇಲೆ ಇಪ್ಪತ್ತರ ಹುಡುಗಿಯ ಬಾಯಿಂದ ನಮ್ಮಕ್ಕನ ದನಿ ಬಂತು. ಮೆಟ್ಟಿಲು ಸುತ್ತಿ ಬಂದ, ತೂಕದ ದನಿ. ಹುಡುಗಿಯ ಹೆಜ್ಜೆ ಮುಂದೆ, ಹಾಡು ಹಿಂದೆ. ಸಭಾಂಗಣದಲ್ಲಿ ನಗು ಎದ್ದಿತು.

ನಿರ್ಮಾಪಕ ದಡದಡನೆ ಭಾವನ ಹತ್ತಿರ ಓಡಿದ. “ರೀ, ಏನ್ರೀ ಇದು? ತಿರುಗ್ಸ್ರೀ ಅದನ್ನ!”

ಭಾವ ಗುಂಡಿಯ ಮೇಲೆ ಅಂಗೈ ಮುಚ್ಚಿದರು.

“ಇಲ್ಲ,” ಅಂದರು.

ನಾನು ಹುಟ್ಟಿದಾರಭ್ಯ ಅವರ ಬಾಯಿಂದ ಆ ಮಾತು ಕೇಳಿರಲಿಲ್ಲ. ನಿರ್ಮಾಪಕನೂ ಕೇಳಿರಲಿಲ್ಲವೇನೋ, ಹಾಗೇ ನಿಂತುಬಿಟ್ಟ.

ಅಷ್ಟರಲ್ಲಿ ಆ ಹುಡುಗಿ ಒಂದು ಕೆಲಸ ಮಾಡಿದಳು. ಕುಣಿತ ನಿಲ್ಲಿಸಿದಳು, ಬಾಯಿ ಮುಚ್ಚಿದಳು, ವೇದಿಕೆಯ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತು ಕೇಳತೊಡಗಿದಳು. ಅವಳು ಕೇಳುವುದನ್ನು ನೋಡಿ ಉಳಿದವರೂ ಸುಮ್ಮನಾದರು. ‘ನಡೆದೇ’ ಬಂತು, ಒಡೆಯಿತು. ಮುಂದಿನ ಸಾಲಿನ ದಪ್ಪ ಮೀಸೆಯ ಅಂಗಡಿಯವನ ಬಿಸ್ಕತ್ತು ಚಹಾದಲ್ಲೇ ಕರಗಿ ಮುಳುಗಿತು, ಅವನಿಗೆ ಗೊತ್ತೇ ಆಗಲಿಲ್ಲ.

ಹಾಡು ಮುಗಿದ ಮೇಲೆ ಅವನೇ ಕೇಳಿದ: “ಇದು ಯಾರ್ರೀ ಹಾಡಿರೋದು?”

ಹುಡುಗಿ ಬಾಗಿಲ ಕಡೆ ಕೈ ತೋರಿಸಿದಳು. “ಅವ್ರು.”

“ರೆಕಾರ್ಡಲ್ಲೂ ಹಿಂಗೇ ಬರುತ್ತೆ ತಾನೆ? ಹಂಗಿದ್ರೆ ನಮ್ಮಂಗಡಿಗೆ ಕಳಿಸಿ.”

ಗಾಳಿ ಬಂದಾಗ ತೂರಿಕೊಳ್ಳುವುದನ್ನು ನಿರ್ಮಾಪಕನಿಗೆ ಹೇಳಿಕೊಡಬೇಕೇ? “ಹಿಂಗೇ ಬರುತ್ತೆ ಸಾರ್! ಮೊದ್ಲಿಂದಲೂ ನಾನು ಅದನ್ನೇ ಹೇಳ್ತಿದ್ದೆ,” ಅಂದ. ನನಗೆ ಮೈಯೆಲ್ಲ ಉರಿಯಿತು. ಅಕ್ಕನ ಕಾಲು ದೂರವಿದ್ದದ್ದರಿಂದ ನಾನೇ ನನ್ನ ಕಾಲು ತುಳಿದುಕೊಂಡೆ.

ಎಲ್ಲರೂ ಹೋದ ಮೇಲೆ ಭಾವ ತಲೆ ಬಗ್ಗಿಸಿ ವೈರು ಸುತ್ತುತ್ತಿದ್ದರು. ಅಕ್ಕ ಖಾಲಿ ಕುರ್ಚಿಗಳ ನಡುವೆ ನಡೆದು ಬಂದಳು. ನಾನು ಅಭ್ಯಾಸಬಲದಿಂದ ಇಬ್ಬರ ಮಧ್ಯೆ ಹೋಗಿ ನಿಂತೆ, ಏನು ಹೇಳಬೇಕೋ ಹೇಳು ಎಂಬಂತೆ.

“ನೀನು ಆ ಕಡೆ ಸರಿಯೋ,” ಅಂದಳು ನನಗೆ.

ಸರಿದೆ.

“ರೀ,” ಅಂದಳು ಗಂಡನಿಗೆ. ದನಿ ಆ ಸಾಲಿನಲ್ಲಿ ಒಡೆದ ಹಾಗೇ ಒಡೆಯಿತು. “ಮೊದ್ಲಿನ ಎರಡು ಹಾಡೂ ಇದೇ ಸ್ಪೀಡಲ್ಲಿ ಇನ್ನೊಂದ್ಸಲ ಹಾಕ್ರಿ. ನಾನಿನ್ನೂ ಕೇಳಿಲ್ಲ.”

ಭಾವ ಸುತ್ತಿದ ವೈರು ಬಿಚ್ಚಿದರು.