ಗುಡ್ಡದ ಗರಸು ದಾರಿ

ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳು. ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಕೂಲಿಗಿದ್ದ ಉರುಕುಂದಪ್ಪ ಹಳೆಯ ಸೈಕಲ್ಲೊಂದನ್ನು ಕೊಂಡಿದ್ದ. ಊರಲ್ಲಿ ಗೌಡರ ಚಾವಡಿ ಮುಂದೆ ಅವನ ಕೇರಿಯವರು ಸೈಕಲ್ಲಿನಿಂದ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಅದಕ್ಕೇ ಅವನು ಬಂಡಿಯೂ ಹೋಗದ ಗುಡ್ಡದ ಗರಸು ದಾರಿ ಹಿಡಿಯುತ್ತಿದ್ದ.

ಇಂದು ಹಿಂದೆ ತಾಯಿ ಬಸ್ಸಮ್ಮ ಕೂತಿದ್ದಳು. ಮೊಣಕಾಲು ಬಾತಿದ್ದ ಆಕೆಯನ್ನು ದೇವದುರ್ಗದ ದವಾಖಾನೆಗೆ ಒಯ್ಯಬೇಕಿತ್ತು. ಚಾವಡಿ ಮುಂದೆ ಅವಳನ್ನು ಇಳಿಸಲು ಅವನಿಗೆ ಮನಸ್ಸಿರಲಿಲ್ಲ.

ಏರಿನಲ್ಲಿ ಗಾಲಿ ಗರಸಿನ ಸಡಿಲ ಹರಳುಕಲ್ಲಿನಲ್ಲಿ ಹೂತು ನಿಂತಿತು. ಅವನು ಇಳಿದು, ತಾಯಿಯನ್ನು ಕೂರಿಸಿಕೊಂಡೇ ನೂಕತೊಡಗಿದ.

“ಚಾವಡಿ ಮುಂದ ಇಳಿದು ನಾಕು ಹೆಜ್ಜಿ ನಡದಿದ್ರ ಮುಗೀತಿತ್ತು. ಇಲ್ಲಿ ಗುಡ್ಡ ಪೂರಾ ನೂಕಾಕತ್ತೀಯಲ್ಲೋ ಹುಚ್ಚಪ್ಪಾ,” ಅಂದಳು ಬಸ್ಸಮ್ಮ.

“ಇಲ್ಲಿ ಗುಡ್ಡ ಇಳಿಸ್ತದ ಯವ್ವಾ, ಗೌಡ ಅಲ್ಲ.”

ನೆತ್ತಿ ದಾಟಿದ ಮೇಲೆ ಅವನೂ ಹತ್ತಿ ಕೂತ. ಇಳಿಜಾರಿನಲ್ಲಿ ಸೈಕಲ್ಲು ಕಲ್ಲು ಚಿಮ್ಮಿಸುತ್ತ ಓಡಿತು. ಬಸ್ಸಮ್ಮ ಮೊದಲು ಚೀರಿದಳು, ಆಮೇಲೆ ನಕ್ಕಳು. ಅಷ್ಟರಲ್ಲಿ ಅವಳ ಚಪ್ಪಲಿಯೊಂದು ಕಳಚಿ ಬಿತ್ತು. ಅವನು ಬ್ರೇಕಿಗೆ ಕೈ ಹಾಕಿದ.

“ನಿಲ್ಲಸಬ್ಯಾಡಲೇ!” ಆಕೆ ಅವನ ಬೆನ್ನಿಗೆ ಗುದ್ದಿದಳು. “ಬಿದ್ದಿರಲಿ. ಇಲ್ಲಿ ಯಾರು ಬರ್ತಾರ? ವಾಪಸ್ ಬರೂವಾಗ ಮೆಟ್ಟಿಗೊಂತೀನಿ.”